ಬೇರೂತಿನ ಮಕ್ಕಳಿಂದ ದೋಹಾದ ವಂಶವಾಹಿ ಕಡತದವರೆಗೆ: ಆನುವಂಶಿಕ ಕೊಲೆಸ್ಟ್ರಾಲಿನ ಕಥೆ



ನಮ್ಮ ಸಂಘದ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಕೇಳಿಬರುವ ಪ್ರಶ್ನೆಯೊಂದುಂಟು: ‘ನಾನು ಮಾಂಸ ಮುಟ್ಟುವವನಲ್ಲ, ತುಪ್ಪವನ್ನು ಬಿಟ್ಟು ವರ್ಷಗಳೇ ಆದವು, ಹಾಗಿದ್ದೂ ನನಗೇಕೆ ಇಷ್ಟೊಂದು ಕೊಲೆಸ್ಟ್ರಾಲ್?’ ಕೇಳುವವರು ಸಾಮಾನ್ಯವಾಗಿ ಮೂವತ್ತೈದರಿಂದ ನಲವತ್ತೈದರ ಒಳಗಿನವರು. ಊರಿನಲ್ಲಿ ತಂದೆಯೋ ಚಿಕ್ಕಪ್ಪನೋ ಐವತ್ತು ತುಂಬುವ ಮುನ್ನವೇ ಎದೆನೋವಿನಿಂದ ತೀರಿಕೊಂಡ ಸಂಗತಿಯನ್ನು ಅವರು ಮಾತಿನ ನಡುವೆ ಸಹಜವಾಗಿ ಹೇಳಿಬಿಡುತ್ತಾರೆ. ಆ ಸಾವಿಗೂ ಈ ವರದಿಗೂ ಸಂಬಂಧವಿರಬಹುದೆಂಬುದು ಅವರಿಗೆ ಹೊಳೆದಿರುವುದಿಲ್ಲ. ಕೊಲ್ಲಿಯಲ್ಲಿ ನೆಲೆಸಿದ ನಾವು ಇಂಥವರ ಸಾವಿನ ಸುದ್ದಿಯನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓದಿದ್ದೇವೆ. ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವ ಕಾಗದಪತ್ರಗಳಿಗಾಗಿ ಓಡಾಡಿಯೂ ಇದ್ದೇವೆ.

ಈಗ ಒಂದೆರಡು ವರ್ಷಗಳಿಂದ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ಒಂದೇ ಒಂದು ಚುಚ್ಚುಮದ್ದಿನಿಂದ ವಂಶವಾಹಿಯನ್ನೇ ತಿದ್ದಿ ಕೊಲೆಸ್ಟ್ರಾಲನ್ನು ಜೀವಮಾನಪೂರ್ತಿ ಇಳಿಸುತ್ತಾರಂತೆ, ನಿಜವೇ?’ ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಉತ್ತರಿಸುವುದಕ್ಕಿಂತ, ಅದರ ಹಿಂದಿನ ಚರಿತ್ರೆಯನ್ನು ನೋಡುವುದೇ ಲೇಸೆಂದು ನಮಗೆ ತೋರಿತು. ಆ ಚರಿತ್ರೆಯ ಮುಖ್ಯ ಘಟ್ಟಗಳಲ್ಲಿ ಕೆಲವು ನಾವಿರುವ ಈ ಅರಬ್ ಸೀಮೆಯಲ್ಲೇ ನಡೆದವು ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿರಲಾರದು.

ಕೊಲೆಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದು ಪಿತ್ತಕೋಶದ ಕಲ್ಲುಗಳಿಂದ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ವಿದ್ವಾಂಸರು ಆ ಕಲ್ಲುಗಳಿಂದ ಬೇರ್ಪಡಿಸಿದ ಮೇಣದಂಥ ವಸ್ತುವಿಗೆ ಅದೇ ದೇಶದ ರಸಾಯನಶಾಸ್ತ್ರಜ್ಞ ಶೆವ್ರೆಲ್ 1815ರ ಸುಮಾರಿಗೆ ಗ್ರೀಕ್ ಮೂಲದಿಂದ ‘ಗಟ್ಟಿ ಪಿತ್ತ’ ಎಂಬರ್ಥದ ಹೆಸರಿಟ್ಟನು. ಅದಕ್ಕೂ ಹೃದಯಕ್ಕೂ ನಂಟಿದೆಯೆಂದು ತೋರಿಸಿದವನು ರಷ್ಯಾದ ನಿಕೊಲಾಯ್ ಅನಿಚ್‌ಕೊವ್. ಆತ 1913ರಲ್ಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲನ್ನು ಕರಗಿಸಿ ಮೊಲಗಳಿಗೆ ತಿನ್ನಿಸಿದಾಗ ಅವುಗಳ ಅಪಧಮನಿಗಳಲ್ಲಿ ಕೊಬ್ಬು ಕಟ್ಟಿಕೊಂಡಿತು. ಮೊಲವು ಸಸ್ಯಾಹಾರಿ, ಅದಕ್ಕೆ ಕೊಬ್ಬು ತಿನ್ನಿಸಿದರೆ ಹೀಗಾಗುವುದು ಸಹಜ, ಮನುಷ್ಯನಿಗೆ ಇದು ಅನ್ವಯಿಸದು ಎಂದು ಬಹುಕಾಲ ವೈದ್ಯಲೋಕ ಅವನ ಮಾತನ್ನು ಬದಿಗೊತ್ತಿತು. ಆದರೆ 1930ರ ದಶಕದ ಕೊನೆಯಲ್ಲಿ ನಾರ್ವೆಯ ಕಾರ್ಲ್ ಮ್ಯೂಲರ್ ಎಂಬ ವೈದ್ಯರು 17 ಕುಟುಂಬಗಳನ್ನು ಪರಿಶೀಲಿಸಿ ಬೇರೊಂದು ಸಂಗತಿಯನ್ನು ಮುಂದಿಟ್ಟರು. ಕೆಲವು ಮನೆತನಗಳಲ್ಲಿ ರಕ್ತದ ಕೊಲೆಸ್ಟ್ರಾಲ್ ಏರಿರುವುದು, ಸ್ನಾಯುರಜ್ಜುಗಳ ಮೇಲೆ ಹಳದಿ ಗಂಟುಗಳು ಏಳುವುದು ಮತ್ತು ಎಳೆಯ ವಯಸ್ಸಿನಲ್ಲೇ ಹೃದ್ರೋಗ ಬರುವುದು, ಈ ಮೂರೂ ಒಟ್ಟಿಗೆ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತವೆ. ತಟ್ಟೆಯಲ್ಲಿರುವ ಊಟವೊಂದೇ ಇದನ್ನು ವಿವರಿಸದು.

ಇಲ್ಲಿಂದ ಕಥೆ ಬೇರೂತಿಗೆ ಬರುತ್ತದೆ. ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅವೆಡಿಸ್ ಖಚದೂರಿಯನ್ ಎಂಬ ಅರ್ಮೇನಿಯನ್ ಮೂಲದ ವೈದ್ಯರಿದ್ದರು. ಲೆಬನಾನಿನ ಹಳ್ಳಿಗಳಿಂದ ಅವರ ಬಳಿಗೆ ಮೊಣಕೈ, ಮೊಣಕಾಲು, ಬೆರಳ ಸಂದುಗಳಲ್ಲಿ ಹಳದಿ ಗಂಟುಗಳೆದ್ದ ಪುಟ್ಟ ಮಕ್ಕಳು ಬರುತ್ತಿದ್ದರು. ಈ ಮಕ್ಕಳಿಗೆ ಹತ್ತು ಹದಿನೈದರ ವಯಸ್ಸಿನಲ್ಲೇ ಹೃದಯಾಘಾತವಾಗುತ್ತಿತ್ತು. ಖಚದೂರಿಯನ್ನರು ಮಕ್ಕಳನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ತಂದೆ, ತಾಯಿ, ಒಡಹುಟ್ಟಿದವರು, ಬಂಧುಗಳು, ಎಲ್ಲರ ರಕ್ತವನ್ನೂ ಪರೀಕ್ಷಿಸಿದರು. ಲೆಕ್ಕ ಹಾಕಿದಾಗ ಆ ಕುಟುಂಬಗಳ ಜನ ಮೂರು ಗುಂಪುಗಳಾಗಿ ಬೇರೆಯಾದರು. ಕೆಲವರ ಕೊಲೆಸ್ಟ್ರಾಲ್ ಎಲ್ಲರಂತೆ ಇತ್ತು. ಕೆಲವರದು ಅದರ ಎರಡರಷ್ಟು. ಗಂಟುಗಳಿದ್ದ ಮಕ್ಕಳದು ನಾಲ್ಕರಷ್ಟು. ತಂದೆಯಿಂದಲೋ ತಾಯಿಯಿಂದಲೋ ಒಂದು ದೋಷಯುಕ್ತ ಪ್ರತಿ ಬಂದರೆ ಎರಡರಷ್ಟು, ಇಬ್ಬರಿಂದಲೂ ಬಂದರೆ ನಾಲ್ಕರಷ್ಟು. 1964ರಲ್ಲಿ ಪ್ರಕಟವಾದ ಈ ಶೋಧವೇ ಮುಂದಿನ ಎಲ್ಲಕ್ಕೂ ತಳಹದಿಯಾಯಿತು. ಲೆಬನಾನಿನ ಆ ಕುಟುಂಬಗಳಲ್ಲಿದ್ದ ನಿಖರವಾದ ದೋಷ 1987ರಲ್ಲಿ ಪತ್ತೆಯಾದಾಗ ವಿಜ್ಞಾನಿಗಳು ಅದಕ್ಕೆ ‘ಲೆಬನೀಸ್ ಅಲೀಲ್’ ಎಂದೇ ಹೆಸರಿಟ್ಟರು.

ಬೇರೂತಿನಲ್ಲಿ ಇಷ್ಟು ಸ್ಪಷ್ಟವಾಗಿ ಕಂಡದ್ದು ಬೇರೆಡೆ ಏಕೆ ಕಾಣಲಿಲ್ಲ? ರಕ್ತಸಂಬಂಧದ ವಿವಾಹಗಳು ಅದಕ್ಕೆ ಒಂದು ಮುಖ್ಯ ಕಾರಣ. ಒಂದೇ ಮನೆತನದೊಳಗೆ ಮದುವೆಗಳಾದಾಗ ಒಂದೇ ದೋಷದ ಎರಡು ಪ್ರತಿಗಳು ಒಂದೇ ಮಗುವಿನಲ್ಲಿ ಸೇರುವ ಸಂಭವ ಹೆಚ್ಚು. ಇದನ್ನು ಓದಿ ‘ಅರಬರ ಪದ್ಧತಿ’ ಎಂದು ನಾವು ಮೂಗು ಮುರಿಯುವಂತಿಲ್ಲ. ಸೋದರಮಾವನನ್ನು, ಅತ್ತೆಯ ಮಗನನ್ನು ವರಿಸುವುದು ನಮ್ಮಲ್ಲೂ ಮನೆಮಾತು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಜನಿಸಿದ ಲಕ್ಷಕ್ಕೂ ಹೆಚ್ಚು ಶಿಶುಗಳ ಮಾಹಿತಿಯನ್ನು ಕಲೆಹಾಕಿದ ದೊಡ್ಡ ಅಧ್ಯಯನವೊಂದರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಬ್ರಿಟಿಷ್ ತಳಿವಿಜ್ಞಾನಿ ಅಲನ್ ಬಿಟಲ್ಸ್ ಭಾಗವಹಿಸಿದ್ದರು. ಅಲ್ಲಿ ಸುಮಾರು ಮೂರರಲ್ಲಿ ಒಂದು ದಾಂಪತ್ಯ ರಕ್ತಸಂಬಂಧದ್ದಾಗಿತ್ತು. ಹಿಂದೂಗಳಲ್ಲಿ ಮಾವ–ಸೊಸೆಯರ, ಅಂದರೆ ಅಕ್ಕನ ಮಗಳನ್ನು ವರಿಸುವ ಮದುವೆಗಳೇ ಅದರಲ್ಲಿ ದೊಡ್ಡ ಪಾಲು. ಬೇರೂತಿನ ಆ ಹಾಳೆಗಳಲ್ಲಿ ನಮ್ಮ ಮನೆಗಳ ವಂಶವೃಕ್ಷವೂ ಮಸುಕಾಗಿ ಕಾಣುತ್ತದೆ.

ಖಚದೂರಿಯನ್ನರು ತೋರಿಸಿದ ದೋಷ ದೇಹದ ಯಾವ ಭಾಗದಲ್ಲಿ ಕುಳಿತಿದೆಯೆಂಬುದನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್ ನಗರದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1970ರ ದಶಕದಲ್ಲಿ ನಡೆದ ಆ ಕೆಲಸಕ್ಕೆ 1985ರ ನೊಬೆಲ್ ಬಹುಮಾನ ಬಂತು. ಅದನ್ನು ನಮ್ಮ ಕರಾವಳಿಯ ಬಂಧುಗಳಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಹೀಗೆ: ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ಸರಕು ತುಂಬಿದ ದೋಣಿಗಳು. ಯಕೃತ್ತಿನ ಜೀವಕೋಶಗಳ ಮೇಲೆ ಈ ದೋಣಿಗಳು ಬಂದು ತಂಗುವ ದಕ್ಕೆಗಳಿವೆ. ದಕ್ಕೆಗೆ ಬಂದ ದೋಣಿ ಸರಕನ್ನು ಇಳಿಸುತ್ತದೆ, ಯಕೃತ್ತು ಅದನ್ನು ವಿಲೇವಾರಿ ಮಾಡುತ್ತದೆ. ದಕ್ಕೆಗಳು ಅರ್ಧದಷ್ಟೇ ಇದ್ದರೆ, ಅಥವಾ ಇಲ್ಲವೇ ಇಲ್ಲವೆಂದಾದರೆ, ದೋಣಿಗಳು ನೀರಿನಲ್ಲೇ ಅಲೆಯುತ್ತವೆ. ಕಾಲಕ್ರಮದಲ್ಲಿ ಅಳಿವೆಯಲ್ಲಿ ಹೂಳು ತುಂಬುತ್ತದೆ. ಲೆಬನಾನಿನ ಮಕ್ಕಳಲ್ಲಿ ದಕ್ಕೆಗಳು ಕಟ್ಟಲ್ಪಡುತ್ತಲೇ ಇರಲಿಲ್ಲ.

ಈ ತಿಳಿವಳಿಕೆ ಸರಿಯೆಂದು ಸಾಬೀತಾದ ರೀತಿ ಹೃದಯಸ್ಪರ್ಶಿಯಾದುದು. 1984ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಥಾಮಸ್ ಸ್ಟಾರ್ಜ್ಲ್ ಅವರ ತಂಡ ಟೆಕ್ಸಾಸಿನ ಆರು ವರ್ಷದ ಬಾಲಕಿಯೊಬ್ಬಳಿಗೆ ಹೃದಯವನ್ನೂ ಯಕೃತ್ತನ್ನೂ ಒಟ್ಟಿಗೆ ಕಸಿ ಮಾಡಿತು. ಸಾವಿರದ ಆಸುಪಾಸಿನಲ್ಲಿದ್ದ ಅವಳ ಕೊಲೆಸ್ಟ್ರಾಲ್ ಹೊಸ ಯಕೃತ್ತು ಬಂದ ಮೇಲೆ ಮುನ್ನೂರರ ಕೆಳಗಿಳಿಯಿತು. ಹೃದಯ ಕೆಡುವುದಕ್ಕೆ ಯಕೃತ್ತು ಕಾರಣವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ. ಆದರೆ ಎಷ್ಟು ಮಕ್ಕಳಿಗೆ ಯಕೃತ್ತು ಕಸಿ ಮಾಡಲಾದೀತು? 1992ರಲ್ಲಿ ಮಿಚಿಗನ್ನಿನಲ್ಲಿ ಜೇಮ್ಸ್ ವಿಲ್ಸನ್ ಅವರ ತಂಡ ಮತ್ತೊಂದು ದಾರಿ ಹಿಡಿಯಿತು. 29 ವರ್ಷದ ರೋಗಿಯೊಬ್ಬರ ಯಕೃತ್ತಿನ ತುಣುಕನ್ನು ಕತ್ತರಿಸಿ ತೆಗೆದು, ಪ್ರಯೋಗಶಾಲೆಯಲ್ಲಿ ವೈರಾಣುವಿನ ಮೂಲಕ ಸರಿಯಾದ ವಂಶವಾಹಿಯನ್ನು ಅದರ ಜೀವಕೋಶಗಳಿಗೆ ಸೇರಿಸಿ, ಮತ್ತೆ ದೇಹಕ್ಕೆ ಹಿಂತಿರುಗಿಸಿದರು. ಎಲ್‌ಡಿಎಲ್ ಇಳಿಯಿತು, ಆದರೆ ಶೇಕಡಾ 20ರಷ್ಟೂ ಇಳಿಯಲಿಲ್ಲ. ಮುಂದಿನ ರೋಗಿಗಳಲ್ಲೂ ಫಲಿತಾಂಶ ಸಾಧಾರಣವಾಗಿಯೇ ಉಳಿಯಿತು. ವಂಶವಾಹಿ ಚಿಕಿತ್ಸೆಯ ಮೊದಲ ಪ್ರಯತ್ನ ಹೀಗೆ ತಣ್ಣಗಾಯಿತು.

ಇಷ್ಟರಲ್ಲಿ ಜಪಾನಿನ ಅಕಿರಾ ಎಂಡೊ ಆರು ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳನ್ನು ಸೋಸಿ, ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಿಂದ ಮೊದಲ ಸ್ಟ್ಯಾಟಿನನ್ನು ಹೊರತೆಗೆದಿದ್ದರು. 1987ರಲ್ಲಿ ಸ್ಟ್ಯಾಟಿನ್ ಮಾತ್ರೆ ಮಾರುಕಟ್ಟೆಗೆ ಬಂತು. ಯಕೃತ್ತು ತಾನೇ ಕೊಲೆಸ್ಟ್ರಾಲ್ ತಯಾರಿಸುವುದನ್ನು ತಡೆದರೆ, ಅದು ಅನಿವಾರ್ಯವಾಗಿ ಹೆಚ್ಚು ದಕ್ಕೆಗಳನ್ನು ಕಟ್ಟಿಕೊಂಡು ರಕ್ತದಿಂದ ಎಳೆದುಕೊಳ್ಳುತ್ತದೆ, ಇಷ್ಟೇ ಅದರ ಮರ್ಮ. ಅದರ ಕುರಿತು ಎಲ್ಲರೂ ಬಲ್ಲರಾದ್ದರಿಂದ ಹೆಚ್ಚು ಹೇಳುವುದಿಲ್ಲ. ಈ ಲೇಖನದಲ್ಲಿ ಬರುವ ಎಲ್ಲ ಔಷಧಗಳ ಪೈಕಿ ಅತಿ ಹೆಚ್ಚು ಜೀವಗಳನ್ನು ಉಳಿಸಿದ್ದು ಆ ಅಗ್ಗದ ಮಾತ್ರೆಯೇ ಎಂಬುದನ್ನು ಮಾತ್ರ ನೆನಪಿಸುತ್ತೇವೆ.

ವಂಶವಾಹಿಯ ಕಥೆಗೆ ಮರುಜೀವ ಬಂದದ್ದು 2003ರಲ್ಲಿ. ಈಜಿಪ್ಟ್ ಮೂಲದ ನಬಿಲ್ ಸೈದಾ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಹೊಸದೊಂದು ಪ್ರೋಟೀನನ್ನು ಗುರುತಿಸಿದ್ದರು. ಪ್ಯಾರಿಸಿನಲ್ಲಿ ಕ್ಯಾಥರೀನ್ ಬ್ವಾಲೋ ಅವರೊಂದಿಗೆ ದುಡಿಯುತ್ತಿದ್ದ ಬೇರೂತಿನ ಸಂಶೋಧಕಿ ಮರಿಯಾನ್ ಅಬಿಫಾದೆಲ್, ದಕ್ಕೆಯ ವಂಶವಾಹಿ ಸರಿಯಾಗಿಯೇ ಇದ್ದರೂ ಕೊಲೆಸ್ಟ್ರಾಲ್ ಏರಿದ್ದ ಫ್ರೆಂಚ್ ಕುಟುಂಬಗಳಲ್ಲಿ ಆ ಪ್ರೋಟೀನಿನ ವಂಶವಾಹಿಯೇ ದೋಷಿಯೆಂದು ತೋರಿಸಿದರು. ಅದರ ಹೆಸರು ಪಿಸಿಎಸ್‌ಕೆ9. ಬಳಸಿದ ದಕ್ಕೆಯನ್ನು ಒಡೆದುಹಾಕಿಸುವ ಮೇಸ್ತ್ರಿ ಅದು. ಆತ ಅತಿಯಾಗಿ ಚುರುಕಾದರೆ ದಕ್ಕೆಗಳು ಉಳಿಯುವುದಿಲ್ಲ. ಬೇರೂತಿನಲ್ಲಿ ಆರಂಭವಾದ ಎಳೆ ಬೇರೂತಿನವರೊಬ್ಬರ ಕೈಯಿಂದಲೇ ಮುಂದುವರಿಯಿತೆಂಬುದು ನಮಗೆ ಸಂತೋಷದ ವಿಷಯ.

ಹಾಗಾದರೆ ಆ ಮೇಸ್ತ್ರಿಯೇ ಇಲ್ಲದವರು ಯಾರಾದರೂ ಇದ್ದಾರೆಯೇ? ಡಲ್ಲಾಸಿನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಹುಡುಕಿದರು, ಸಿಕ್ಕರು. ಆಫ್ರಿಕನ್ ಅಮೆರಿಕನ್ನರಲ್ಲಿ ಸುಮಾರು ಐವತ್ತಕ್ಕೆ ಒಬ್ಬರಲ್ಲಿ ಈ ವಂಶವಾಹಿಯ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿತ್ತು. 2006ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಅಂಥವರ ಎಲ್‌ಡಿಎಲ್ ಇತರರಿಗಿಂತ ಶೇಕಡಾ 28ರಷ್ಟು ಕಡಿಮೆ. ಹೃದಯದ ರಕ್ತನಾಳದ ರೋಗ ಮಾತ್ರ ಶೇಕಡಾ 88ರಷ್ಟು ಕಡಿಮೆ. ಈ ಎರಡು ಅಂಕಿಗಳ ನಡುವಿನ ಅಂತರವೇ ದೊಡ್ಡ ಪಾಠ: ಕೊಲೆಸ್ಟ್ರಾಲ್ ಎಷ್ಟು ಇಳಿಯಿತು ಎಂಬುದರಷ್ಟೇ, ಎಷ್ಟು ವರ್ಷಗಳಿಂದ ಇಳಿದಿದೆ ಎಂಬುದೂ ಮುಖ್ಯ. ಎರಡೂ ಪ್ರತಿ ಕೆಟ್ಟಿದ್ದ ಮೂವತ್ತೆರಡರ ಹರೆಯದ ಮಹಿಳೆಯೊಬ್ಬರ ಎಲ್‌ಡಿಎಲ್ ಬರೇ 14 ಇತ್ತು, ಮತ್ತು ಅವರು ಪೂರ್ಣ ಆರೋಗ್ಯವಂತರಾಗಿದ್ದರು.

ಇಲ್ಲಿಂದ ಔಷಧಗಳ ಸಾಲು ತೆರೆಯಿತು. 2015ರಲ್ಲಿ ಪಿಸಿಎಸ್‌ಕೆ9 ಪ್ರೋಟೀನನ್ನು ಹಿಡಿದುಕಟ್ಟುವ ಚುಚ್ಚುಮದ್ದುಗಳು ಬಂದವು. ಬಳಿಕ ವರ್ಷಕ್ಕೆ ಎರಡೇ ಬಾರಿ ಸಾಕಾಗುವ ಇನ್‌ಕ್ಲಿಸಿರಾನ್ ಬಂತು. ಇತ್ತ 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮ್ಯಾನ್ಯುಯೆಲ್ ಶಾರ್ಪಾಂತಿಯೆ ‘ಕ್ರಿಸ್ಪರ್’ ಎಂಬ ವಂಶವಾಹಿ ಕತ್ತರಿಯನ್ನು ಲೋಕದ ಮುಂದಿಟ್ಟಿದ್ದರು. 2016ರಲ್ಲಿ ಡೇವಿಡ್ ಲಿಯು ಅವರ ತಂಡ ಡಿಎನ್ಎಯ ಎರಡೂ ಎಳೆಗಳನ್ನು ತುಂಡರಿಸದೆ ಒಂದೇ ಒಂದು ಅಕ್ಷರವನ್ನು ಬದಲಿಸುವ ಉಪಾಯವನ್ನು ಕಂಡುಕೊಂಡಿತು. ಭಾರತೀಯ ಮೂಲದ ಹೃದ್ರೋಗ ತಜ್ಞ ಶೇಖರ್ ಕದಿರೇಶನ್ ಮತ್ತು ಅವರ ಸಂಗಡಿಗರು 2018ರಲ್ಲಿ ಹುಟ್ಟುಹಾಕಿದ ವರ್ವ್ ಎಂಬ ಸಂಸ್ಥೆ ಈ ಉಪಾಯವನ್ನು ಪಿಸಿಎಸ್‌ಕೆ9ಕ್ಕೆ ಅನ್ವಯಿಸಿತು.

ಇಲ್ಲೊಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ‘ವಂಶವಾಹಿ ತಿದ್ದುವುದು’ ಎಂದಾಗ ನಾವು ಕರಡಿನಲ್ಲಿ ಕಾಗುಣಿತದ ತಪ್ಪನ್ನು ತಿದ್ದುವಂತೆ ಎಂದು ಭಾವಿಸುತ್ತೇವೆ. ಇಲ್ಲಿ ನಡೆಯುವುದು ಅದರ ತದ್ವಿರುದ್ಧ. ಸರಿಯಾಗಿರುವ ಪಿಸಿಎಸ್‌ಕೆ9 ವಂಶವಾಹಿಯಲ್ಲಿ ಬೇಕೆಂದೇ ಒಂದಕ್ಷರ ತಪ್ಪು ಮಾಡಿ, ಯಕೃತ್ತು ಅದನ್ನು ಓದಲಾಗದಂತೆ ಮಾಡುತ್ತಾರೆ. ರೋಗಿಯ ದೋಷ ಹಾಗೆಯೇ ಉಳಿಯುತ್ತದೆ. ಅದೃಷ್ಟವಂತರಿಗೆ ಹುಟ್ಟಿನಿಂದ ಬಂದ ದೋಷವನ್ನು ಇವರಿಗೂ ಕೊಡಲಾಗುತ್ತದೆ. ಕೊಬ್ಬಿನ ಸೂಕ್ಷ್ಮ ಗುಳಿಗೆಗಳಲ್ಲಿ ತುಂಬಿದ ಔಷಧವನ್ನು ರಕ್ತನಾಳಕ್ಕೆ ಹನಿಸಿದರೆ ಅದು ಯಕೃತ್ತನ್ನು ಸೇರುತ್ತದೆ. ಅಂಡಾಣು ವೀರ್ಯಾಣುಗಳನ್ನು ಬದಲಿಸುವುದು ಇದರ ಉದ್ದೇಶವಲ್ಲ. ಮಕ್ಕಳಿಗೆ ತಂದೆಯ ಹಳೆಯ ದೋಷವೇ ಹೋಗಬಹುದು.

2022ರ ಜುಲೈಯಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲ ರೋಗಿಗೆ ಈ ಔಷಧ ನೀಡಲಾಯಿತು. 2023ರ ನವೆಂಬರಿನಲ್ಲಿ ಹತ್ತು ಮಂದಿಯ ಫಲಿತಾಂಶ ಹೊರಬಂತು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಎಲ್‌ಡಿಎಲ್ ಶೇಕಡಾ 39ರಿಂದ 55ರಷ್ಟು ಇಳಿದಿತ್ತು. ಆದರೆ 2024ರ ಏಪ್ರಿಲಿನಲ್ಲಿ ಒಬ್ಬ ರೋಗಿಯಲ್ಲಿ ಯಕೃತ್ತಿನ ಕಿಣ್ವಗಳು ಏರಿ ಪ್ಲೇಟ್‌ಲೆಟ್ ಇಳಿದುದರಿಂದ ಆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ದೋಷ ಹೊರಗಿನ ಗುಳಿಗೆಯದಿರಬಹುದೆಂದು ಅದನ್ನು ಬದಲಿಸಿದ ಹೊಸ ಔಷಧದ ಮೊದಲ ಫಲಿತಾಂಶ 2025ರ ಏಪ್ರಿಲಿನಲ್ಲಿ ಬಂತು: 14 ಮಂದಿ, ಹೆಚ್ಚಿನ ಪ್ರಮಾಣದಲ್ಲಿ ಸರಾಸರಿ ಶೇಕಡಾ 53 ಇಳಿಕೆ. ಅದೇ ವರ್ಷ ಎಲೈ ಲಿಲ್ಲಿ ಕಂಪನಿ ವರ್ವ್ ಸಂಸ್ಥೆಯನ್ನು ಕೊಂಡುಕೊಳ್ಳುವುದಾಗಿ ಪ್ರಕಟಿಸಿತು. ನವೆಂಬರಿನಲ್ಲಿ ಮತ್ತೊಂದು ಕಂಪನಿ, ಕ್ರಿಸ್ಪರ್ ಥೆರಪ್ಯೂಟಿಕ್ಸ್, ಎಎನ್‌ಜಿಪಿಟಿಎಲ್3 ಎಂಬ ಬೇರೆ ವಂಶವಾಹಿಯನ್ನು ಮುಚ್ಚಿ 15 ಮಂದಿಯ ಫಲಿತಾಂಶ ತೋರಿಸಿತು. ಗರಿಷ್ಠ ಪ್ರಮಾಣದಲ್ಲಿ ಎಲ್‌ಡಿಎಲ್ ಸುಮಾರು ಅರ್ಧಕ್ಕಿಳಿಯಿತು. ಈ ಎರಡನೆಯ ದಾರಿಗೆ ದಕ್ಕೆಗಳ ಅಗತ್ಯವಿಲ್ಲ. ಆದ್ದರಿಂದ ಖಚದೂರಿಯನ್ನರ ಬಳಿಗೆ ಬಂದಂಥ ಮಕ್ಕಳಿಗೆ ಎಂದಾದರೂ ನೆರವಾಗುವುದಿದ್ದರೆ ಅದು ಇದೇ ಇರಬಹುದು. ಹತ್ತು, ಹದಿನಾಲ್ಕು, ಹದಿನೈದು: ಓದುಗರು ಈ ಸಂಖ್ಯೆಗಳನ್ನು ಗಮನಿಸಬೇಕು. ಒಮ್ಮೆ ಮಾಡಿದ ಬದಲಾವಣೆಯನ್ನು ಹಿಂತೆಗೆಯಲಾಗದು. ಇಪ್ಪತ್ತು ವರ್ಷಗಳ ಬಳಿಕ ಏನಾದೀತೆಂದು ಹೇಳಲು ಇಪ್ಪತ್ತು ವರ್ಷಗಳೇ ಬೇಕು. ಮಾತ್ರೆಯಾದರೆ ನಾಳೆಯೇ ನಿಲ್ಲಿಸಬಹುದು.

ಇನ್ನು ನಾವಿರುವ ನೆಲದ ಮಾತು. ಕತಾರಿನಲ್ಲಿ 2003ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಸಹಯೋಗದಲ್ಲಿ ನವಜಾತ ಶಿಶುಗಳ ತಪಾಸಣೆ ಆರಂಭವಾಯಿತು. ಬೇರೆಡೆ ಅತಿ ವಿರಳವಾದ ಹೋಮೊಸಿಸ್ಟಿನ್ಯೂರಿಯಾ ಎಂಬ ಆನುವಂಶಿಕ ರೋಗ ಇಲ್ಲಿ ಸುಮಾರು 1,800 ಶಿಶುಗಳಿಗೆ ಒಂದರಲ್ಲಿ ಕಂಡದ್ದು ಇಲ್ಲಿನ ವೈದ್ಯರನ್ನು ವಂಶವಾಹಿಗಳತ್ತ ತಿರುಗಿಸಿತು. 2009ರಿಂದ ವಿವಾಹಪೂರ್ವ ಪರೀಕ್ಷೆ ಕಡ್ಡಾಯವಾಯಿತು. ಬಳಿಕ ಕತಾರ್ ಬಯೋಬ್ಯಾಂಕ್ ಸ್ಥಾಪನೆಯಾಯಿತು, 2013ರಲ್ಲಿ ಕತಾರ್ ಜೀನೋಮ್ ಯೋಜನೆ ಘೋಷಣೆಯಾಯಿತು. ಈ ಯೋಜನೆಯ ಸುಮಾರು 14,000 ಮಂದಿಯ ಪೂರ್ಣ ಜೀನೋಮನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಆನುವಂಶಿಕ ಕೊಲೆಸ್ಟ್ರಾಲ್ ರೋಗ ಖಚಿತವಾಗಿ ಅಥವಾ ಬಹುಶಃ ಇರುವವರು ಇಲ್ಲಿ 125ಕ್ಕೆ ಒಬ್ಬರು. ಜಗತ್ತಿನ ಸರಾಸರಿ ಸುಮಾರು 300ಕ್ಕೆ ಒಬ್ಬರು. ನೆರೆಯ ಬಹರೈನ್ 2023ರ ಡಿಸೆಂಬರಿನಲ್ಲೇ, ಬ್ರಿಟನ್ನಿನ ಬೆನ್ನಿಗೆ, ಕುಡಗೋಲು ಕಣ ರಕ್ತಹೀನತೆಗೆ ಕ್ರಿಸ್ಪರ್ ಚಿಕಿತ್ಸೆಯನ್ನು ಒಪ್ಪಿಕೊಂಡಿತು. ಅಮೆರಿಕದಲ್ಲಿ ಅದರ ಘೋಷಿತ ಬೆಲೆ 22 ಲಕ್ಷ ಡಾಲರ್. ಕೊಲೆಸ್ಟ್ರಾಲಿನ ಔಷಧಕ್ಕೆ ಎಷ್ಟಾದೀತೆಂದು ಊಹಿಸುವುದು ನಮ್ಮ ಕೆಲಸವಲ್ಲ. ಆದರೆ ಸಂಬಳದ ಬಹುಪಾಲನ್ನು ಊರಿಗೆ ಕಳುಹಿಸುವ ನಮ್ಮ ಚಾಲಕ, ಬಾಣಸಿಗ ಬಂಧುಗಳ ಪಾಲಿಗೆ ಅದು ಬೇಗ ಎಟಕುವಂಥದ್ದೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ.

ಕತಾರ್ ಬಯೋಬ್ಯಾಂಕಿನಲ್ಲಿ ಕತಾರಿಗಳಲ್ಲದೆ ಹದಿನೈದು ವರ್ಷ ಇಲ್ಲಿ ನೆಲೆಸಿದವರಿಗೂ ಪಾಲ್ಗೊಳ್ಳಲು ಅವಕಾಶವಿದೆ. ನಮ್ಮಲ್ಲಿ ಅಷ್ಟು ವರ್ಷ ಕಳೆದವರು ಅನೇಕರಿದ್ದಾರೆ. ಆದರೆ ಆ ಕಡತದ ತಿರುಳು ಅರಬ್ ಜೀನೋಮ್. ನಮ್ಮ ರಕ್ತದ ಕಥೆ ಬೇರೆಡೆ ಬರೆಯಲ್ಪಡಬೇಕು. ಅದು ಆರಂಭವಾಗಿರುವುದೂ ಬೆಂಗಳೂರಿನಿಂದಲೇ: ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 2020ರಲ್ಲಿ ತೊಡಗಿದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮನ್ನು ಓದಿ ಮುಗಿಸಿದೆ. ನೂರ ನಲವತ್ತು ಕೋಟಿಗೆ ಹತ್ತು ಸಾವಿರ, ಆರಂಭವೆಂದಷ್ಟೇ ಹೇಳಬಹುದು.

ನಮ್ಮವರಿಗೆ ಹೃದಯಾಘಾತ ಬೇಗ ಬರುತ್ತದೆಂಬುದಕ್ಕೆ ಜೀನೋಮಿಗಾಗಿ ಕಾಯಬೇಕಿಲ್ಲ. 52 ದೇಶಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ನಾಯಕ ಸಲೀಂ ಯೂಸುಫ್, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿನಲ್ಲಿ, ಉಳಿದವರಿಗೆ 59ರ ಸುಮಾರಿನಲ್ಲಿ ಬರುತ್ತದೆಂದು ಆ ಮಾಹಿತಿ ತೋರಿಸಿತು. ದೋಹಾದ ಹಮದ್ ಆಸ್ಪತ್ರೆಯಲ್ಲಿ 1991ರಿಂದ ಹೃದ್ರೋಗಿಗಳ ದಾಖಲೆಯನ್ನು ಕಾಪಾಡಿಕೊಂಡು ಬಂದ ವಿಭಾಗಕ್ಕೆ ಬುನಾದಿ ಹಾಕಿದವರು, ಮುಂದೆ ಆರೋಗ್ಯ ಸಚಿವರೂ ಆದ, ಕವಿಯೂ ಆಗಿರುವ ಡಾ. ಹಜರ್ ಅಹ್ಮದ್ ಹಜರ್ ಅಲ್ ಬಿನಾಲಿ. ಆ ದಾಖಲೆಯಿಂದ ಹೊರಟ ಪ್ರಬಂಧಗಳೂ ಇದನ್ನೇ ಹೇಳುತ್ತವೆ: ಹೃದಯಾಘಾತವಾಗಿ ಬರುವ ದಕ್ಷಿಣ ಏಷ್ಯಾದವರು ಅರಬರಿಗಿಂತ ಎಳೆಯರು. ಎಲ್ಲವೂ ವಂಶವಾಹಿಯ ಮೇಲೆ ಹೊರಿಸುವ ಹೊರೆಯಲ್ಲ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ನಿದ್ದೆಗೆಟ್ಟ ಪಾಳಿ, ಒಂಟಿತನ ಎಲ್ಲವೂ ಸೇರಿವೆ. ಆದರೆ ಕಾರಣ ವಂಶವಾಹಿಯಾಗಿರುವಲ್ಲಿ ಆ ಒಬ್ಬರನ್ನು ಪರೀಕ್ಷಿಸಿ ಬಿಟ್ಟರೆ ಸಾಲದು. ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ ಅದೇ ದೋಷವಿರುತ್ತದೆ. ಬೇರೂತಿನಲ್ಲಿ ಖಚದೂರಿಯನ್ನರು ಮಾಡಿದಂತೆ ಮನೆಮಂದಿಯನ್ನೆಲ್ಲ ಕರೆದು ರಕ್ತ ನೋಡುವುದಕ್ಕೆ ಕ್ರಿಸ್ಪರ್ ಬೇಕಿಲ್ಲ. ಊರಿನ ತಾಲ್ಲೂಕು ಕೇಂದ್ರದ ಪ್ರಯೋಗಾಲಯವೂ ಸಾಕು.

ಕಳೆದ ಶಿಬಿರದಲ್ಲಿ ‘ನನಗೇಕೆ’ ಎಂದು ಕೇಳಿದ ಬಂಧುವೊಬ್ಬರೊಡನೆ ನಾವು ಈ ಕಥೆಯ ಒಂದು ತುಣುಕನ್ನಷ್ಟೇ ಹಂಚಿಕೊಂಡೆವು. ಅವರ ಎಲ್‌ಡಿಎಲ್ 220ರ ಮೇಲಿತ್ತು. ತಂದೆ ನಲವತ್ತಾರರಲ್ಲಿ ತೀರಿಕೊಂಡಿದ್ದರು. ವೈದ್ಯರು ಮಾತ್ರೆ ಬರೆದುಕೊಟ್ಟ ಮೇಲೆ ಅವರು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಊರಿನ ತಮ್ಮನಿಗೆ ಫೋನು ಹಚ್ಚಿದರು. ತಮ್ಮ ಮೊದಲು ನಕ್ಕನಂತೆ. ಮರುವಾರ ಅವನ ರಕ್ತಪರೀಕ್ಷೆಯ ವರದಿಯ ಫೋಟೊ ನಮ್ಮ ಫೋನಿಗೂ ಬಂತು. ಅಲ್ಲಿದ್ದ ಅಂಕಿ 238.